ಓಲೆ ಕಿವಿಯಲ್ಲಿದ್ದರೆ ಮಾತ್ರ ವಿಮೆ: ಕಡಿಮೆ ಖರ್ಚಿನಲ್ಲಿ ಸರಿಯಾದ ರಾಸು ವಿಮೆ ಆರಿಸುವುದು ಹೇಗೆ?



ಒಂದು ಮಳೆಗಾಲದ ಬೆಳಿಗ್ಗೆ, ಸಂಘದಲ್ಲಿ ಹಾಲು ಅಳೆಯುವ ಹೊತ್ತಿಗೆ ಕಾರ್ಯದರ್ಶಿಯವರು ಫೋನ್ ಮಾಡಿದರು. ಸದಸ್ಯೆಯೊಬ್ಬರ ಹಸು ರಾತ್ರಿ ಹಗ್ಗ ಬಿಚ್ಚಿಕೊಂಡು ಮೂಲೆಯಲ್ಲಿದ್ದ ಹಿಟ್ಟಿನ ಚೀಲಕ್ಕೆ ಬಾಯಿ ಹಾಕಿತ್ತು. ಹೊಟ್ಟೆ ಉಬ್ಬರಿಸಿ, ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಮೂರನೇ ಸೂಲಿನ ಮಿಶ್ರತಳಿ ಹಸು, ದಿನಕ್ಕೆ 14 ಲೀಟರ್ ಕೊಡುತ್ತಿತ್ತು. ವಿಮೆ ಇತ್ತು. ಬಟವಾಡೆಯಲ್ಲಿ ಕಂತಿನ ಹಣ ಹಿಡಿದದ್ದೂ ಪುಸ್ತಕದಲ್ಲಿ ಇತ್ತು.

ನಾನು ಹೋಗಿ ಮೊದಲು ಕಿವಿ ನೋಡಿದೆ. ಕಿವಿಯಲ್ಲಿ ಓಲೆ ಇರಲಿಲ್ಲ. ಓಲೆ ಇದ್ದ ಜಾಗ ಹರಿದು, ಗಾಯ ಒಣಗಿ ಎಷ್ಟೋ ದಿನವಾಗಿತ್ತು. ಕೇಳಿದಾಗ ಆಕೆ ಒಳಗೆ ಹೋಗಿ ಒಂದು ಡಬ್ಬಿ ತಂದರು. ಅದರಲ್ಲಿ ಬಟ್ಟೆಯಲ್ಲಿ ಸುತ್ತಿದ ಹಳದಿ ಓಲೆ ಇತ್ತು. "ಎರಡು ತಿಂಗಳ ಹಿಂದೆ ಬೇಲಿಗೆ ಸಿಕ್ಕಿ ಕಿತ್ತು ಬಂತು ಡಾಕ್ಟ್ರೇ. ಕಳೆದುಹೋದೀತು ಅಂತ ಜೋಪಾನವಾಗಿ ಎತ್ತಿಟ್ಟಿದ್ದೀನಿ" ಎಂದರು.

ಅವರ ಮಟ್ಟಿಗೆ ಅದು ಜಾಗ್ರತೆಯೇ ಆಗಿತ್ತು. ಆದರೆ ವಿಮಾ ಕಂಪನಿಯ ಲೆಕ್ಕದಲ್ಲಿ ಕಿವಿಯಲ್ಲಿ ಇಲ್ಲದ ಓಲೆ ಎಂದರೆ ಗುರುತಿಲ್ಲದ ರಾಸು. ಕೆಲವು ವಾರಗಳ ನಂತರ ಬಂದ ಪತ್ರದಲ್ಲಿ ಇದ್ದದ್ದೂ ಅದೇ: ಸತ್ತ ರಾಸು ವಿಮೆ ಮಾಡಿಸಿದ ರಾಸೇ ಎಂದು ಸಾಬೀತಾಗಿಲ್ಲ, ಪರಿಹಾರ ಕೊಡಲಾಗದು.

ಈ ಘಟನೆಯಲ್ಲಿ ನನ್ನ ಪಾಲೂ ಇದೆ. ಆ ಎರಡು ತಿಂಗಳಲ್ಲಿ ನಾನು ಅದೇ ಕೊಟ್ಟಿಗೆಗೆ ಎರಡು ಸಲ ಹೋಗಿದ್ದೆ. ಒಮ್ಮೆ ಕರುವಿನ ಬೇಧಿಗೆ, ಒಮ್ಮೆ ಪಕ್ಕದ ಹಸುವಿನ ಕೆಚ್ಚಲು ಬಾವಿಗೆ. ಈ ಹಸುವಿನ ಕಿವಿಯತ್ತ ನೋಡಲಿಲ್ಲ. ನೋಡಿದ್ದರೆ ಹೊಸ ಓಲೆ ಹಾಕಿಸಿ, ಕಂಪನಿಗೆ ಒಂದು ಪತ್ರ ಬರೆಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೇ ಈ ಲೇಖನ.

ವಿಮೆಯ ಮಾತು ಬಂದಾಗ ನಮ್ಮಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ಕಂತು ಎಷ್ಟು?" ಎಂಬುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಹಸು ಸತ್ತಾಗ ಹಣ ಬಾರದ ವಿಮೆಗೆ ಕಂತು 300 ರೂಪಾಯಿ ಇದ್ದರೂ ಅದು ದುಬಾರಿ. ಸಮಯಕ್ಕೆ ಪರಿಹಾರ ಕೊಡುವ ವಿಮೆಗೆ 3,000 ಕೊಟ್ಟರೂ ಅದು ಅಗ್ಗವೇ. ಪರಿಹಾರ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಹಸು ಸತ್ತ ದಿನ ಅಲ್ಲ, ವಿಮೆ ಮಾಡಿಸಿದ ದಿನ ಮತ್ತು ಅದರ ನಂತರದ ನಮ್ಮ ದಿನಚರಿಯಲ್ಲಿ.

ರಾಸು ವಿಮೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ

ಪಟ್ಟಣದಲ್ಲಿ ಸಾಕುನಾಯಿಗಳಿಗೆ ಮಾಡಿಸುವ ಕೆಲವು ವಿಮೆಗಳಲ್ಲಿ ಆಸ್ಪತ್ರೆ ಖರ್ಚು, ಶಸ್ತ್ರಚಿಕಿತ್ಸೆಯ ಖರ್ಚು ಸೇರಿರುತ್ತದೆ. ಅದನ್ನು ಕೇಳಿದ ಕೆಲವರು ಹಸುವಿನ ವಿಮೆಯೂ ಹಾಗೆಯೇ ಎಂದುಕೊಂಡಿದ್ದಾರೆ. ಹಾಗಲ್ಲ. ನಮ್ಮ ಸಾಮಾನ್ಯ ರಾಸು ವಿಮೆ ಚಿಕಿತ್ಸೆಯ ಖರ್ಚನ್ನು ಕೊಡುವುದಿಲ್ಲ. ಅದು ಮುಖ್ಯವಾಗಿ ಸಾವಿಗೆ ಪರಿಹಾರ. ರೋಗದಿಂದ, ಅಪಘಾತದಿಂದ, ಸಿಡಿಲು, ಬೆಂಕಿ, ಪ್ರವಾಹ, ಬಿರುಗಾಳಿಯಿಂದ ಅಥವಾ ಶಸ್ತ್ರಚಿಕಿತ್ಸೆಯ ವೇಳೆ ಸತ್ತರೆ ಪರಿಹಾರ ಸಿಗುತ್ತದೆ.

ಶಾಶ್ವತ ಅಂಗವೈಕಲ್ಯಕ್ಕೆ, ಅಂದರೆ ಹಸು ಮತ್ತೆ ಗಬ್ಬ ಕಟ್ಟದಂತೆ ಅಥವಾ ಹಾಲು ಕೊಡದಂತೆ ಶಾಶ್ವತವಾಗಿ ಆದಾಗ ಪರಿಹಾರ ಬೇಕಿದ್ದರೆ, ಬಹುತೇಕ ಪಾಲಿಸಿಗಳಲ್ಲಿ ಅದಕ್ಕೆ ಪ್ರತ್ಯೇಕ ಕಂತು ಕಟ್ಟಬೇಕು. ಆಗಲೂ ಸಿಗುವುದು ಸಾಮಾನ್ಯವಾಗಿ ವಿಮಾ ಮೊತ್ತದ ಶೇ 75. ಹಸು ಸತ್ತರಷ್ಟೇ ನಷ್ಟ ಎಂದೇನಿಲ್ಲ. ನಾಲ್ಕೂ ಮೊಲೆ ಕೆಟ್ಟ ಹಸುವನ್ನು ಕಟ್ಟಿಕೊಂಡು ಮೇವು ಹಾಕುವವರ ಕಷ್ಟ ನಿಮಗೆ ಗೊತ್ತು. ಹೆಚ್ಚು ಹಾಲಿನ ಹಸುವಿಗೆ ಈ ಹೆಚ್ಚುವರಿ ರಕ್ಷಣೆ ಇದೆಯೇ, ಅದಕ್ಕೆ ಎಷ್ಟು ಎಂದು ಕೇಳಿ, ಲೆಕ್ಕ ಹಾಕಿ ನಿರ್ಧರಿಸಿ.

ಪರಿಹಾರ ಸಿಗದ ಸಂದರ್ಭಗಳನ್ನೂ ತಿಳಿದಿರಬೇಕು:

• ಕಳವಾದರೆ, ತಪ್ಪಿಸಿಕೊಂಡು ಹೋದರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಇಲ್ಲ.
• ಪಾಲಿಸಿ ಶುರುವಾಗುವ ಮೊದಲೇ ಇದ್ದ ರೋಗಕ್ಕೆ, ಮತ್ತು ಶುರುವಾದ ಮೊದಲ ಕೆಲವು ದಿನಗಳಲ್ಲಿ ಬಂದ ರೋಗಕ್ಕೆ ಪರಿಹಾರ ಇಲ್ಲ. ಈ ಕಾಯುವ ಅವಧಿ ಸಾಮಾನ್ಯವಾಗಿ 15 ದಿನ. ನಿಮ್ಮ ಪಾಲಿಸಿಯಲ್ಲಿ ಎಷ್ಟಿದೆ ಎಂದು ನೋಡಿಕೊಳ್ಳಿ.
• ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ರೋಗ, ನೆರಡಿಯಂಥ ರೋಗಗಳಿಂದ ಸತ್ತಾಗ ಲಸಿಕೆ ಹಾಕಿಸಿದ ದಾಖಲೆ ಕೇಳುತ್ತಾರೆ. ದಾಖಲೆ ಇಲ್ಲದಿದ್ದರೆ ಕ್ಲೇಮು ನಿಲ್ಲುತ್ತದೆ.
• ನಿರ್ಲಕ್ಷ್ಯ, ಬೇಕೆಂದೇ ಮಾಡಿದ ಗಾಯ, ಅರ್ಹತೆ ಇಲ್ಲದವರಿಂದ ಕೊಡಿಸಿದ ಚಿಕಿತ್ಸೆ ಇವುಗಳಿಂದಾದ ಸಾವಿಗೆ ಪರಿಹಾರ ಇಲ್ಲ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರಲ್ಲಿ ಯಾರೋ ಸೂಜಿ ಹಾಕುವವರಿದ್ದಾರೆ, ಹತ್ತಿರದಲ್ಲಿದ್ದಾರೆ, ದುಡ್ಡೂ ಕಡಿಮೆ ಎಂದು ಕರೆಯುತ್ತೀರಿ. ಹಸು ಉಳಿದರೆ ಸರಿ. ಸತ್ತರೆ, "ಯಾರು ಚಿಕಿತ್ಸೆ ಕೊಟ್ಟರು, ಚೀಟಿ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ವಿಮೆ ಇರುವ ರಾಸಿಗೆ ಕಾಯಿಲೆ ಬಂದರೆ ಪಶುವೈದ್ಯರನ್ನೇ ಕರೆಸಿ, ಚೀಟಿ ಬರೆಸಿಕೊಂಡು ಇಟ್ಟುಕೊಳ್ಳಿ.

ಸಹಾಯಧನ ಇದ್ದರೆ ಮೊದಲು ಅದನ್ನು ಕೇಳಿ

ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಜಾನುವಾರು ವಿಮೆಗೆ ಸರ್ಕಾರದ ಸಹಾಯಧನ ಇದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ಈ ಯೋಜನೆಯನ್ನು ಸರಳಗೊಳಿಸಿ, ಕಂತಿನಲ್ಲಿ ರೈತರ ಪಾಲನ್ನು ಶೇ 15ಕ್ಕೆ ಇಳಿಸಿತು. ಅದಕ್ಕೆ ಮೊದಲು ರೈತರ ಪಾಲು ಶೇ 20ರಿಂದ 50ರವರೆಗೆ ಇತ್ತು. ಉಳಿದ ಶೇ 85ನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಭರಿಸಬೇಕು. ಒಂದು ಕುಟುಂಬ 10 ಜಾನುವಾರು ಘಟಕಗಳವರೆಗೆ ಇದರ ಪ್ರಯೋಜನ ಪಡೆಯಬಹುದು. ಒಂದು ಹಸು ಅಥವಾ ಎಮ್ಮೆ ಒಂದು ಘಟಕ. ಹತ್ತು ಕುರಿ ಅಥವಾ ಮೇಕೆ ಸೇರಿ ಒಂದು ಘಟಕ.

ಇದು ಪಶುಪಾಲನಾ ಇಲಾಖೆಯ ಮೂಲಕ ನಡೆಯುತ್ತದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹಣ ಮತ್ತು ಗುರಿ ನಿಗದಿಯಾಗಿರುವುದರಿಂದ ಮೊದಲು ಕೇಳಿದವರಿಗೆ ಅನುಕೂಲ ಹೆಚ್ಚು. ಮಾರ್ಚ್ ತಿಂಗಳಲ್ಲಿ ಹೋಗಿ ಕೇಳುವುದಕ್ಕಿಂತ ವರ್ಷದ ಆರಂಭದಲ್ಲೇ ಹೆಸರು ಬರೆಸುವುದು ಲೇಸು.

ಇದಲ್ಲದೆ ಹಾಲು ಒಕ್ಕೂಟಗಳು ಸಂಘದ ಸದಸ್ಯರ ರಾಸುಗಳಿಗೆ ಗುಂಪು ವಿಮೆ ಮಾಡಿಸುವುದುಂಟು. ಕಂತಿನ ಒಂದು ಪಾಲನ್ನು ಒಕ್ಕೂಟವೋ ಸಂಘವೋ ಭರಿಸುತ್ತದೆ. ಯಾರ ಪಾಲು ಎಷ್ಟು ಎಂಬುದು ಆಯಾ ವರ್ಷದ ಒಪ್ಪಂದದಂತೆ ಬದಲಾಗುತ್ತದೆ. ಸಂಘದ ಸೂಚನಾ ಫಲಕದಲ್ಲಿ ಹಾಕುವ ಸುತ್ತೋಲೆಯನ್ನು ಓದಿ, ಅರ್ಥವಾಗದಿದ್ದರೆ ಕಾರ್ಯದರ್ಶಿಯಿಂದ ಓದಿಸಿಕೊಳ್ಳಿ. ಈ ಎರಡೂ ಸಿಗದಿದ್ದಾಗ ಮಾತ್ರ ಪೂರ್ತಿ ಕಂತು ಕಟ್ಟಿ ಸ್ವಂತವಾಗಿ ವಿಮೆ ಮಾಡಿಸುವ ಯೋಚನೆ ಮಾಡಿ.

ಒಂದು ಸಣ್ಣ ಲೆಕ್ಕ

ನಿಮ್ಮ ಹಸುವಿನ ಬೆಲೆ 80,000 ರೂಪಾಯಿ, ಕಂತಿನ ದರ ವರ್ಷಕ್ಕೆ ಶೇ 4 ಎಂದು ಇಟ್ಟುಕೊಳ್ಳಿ. ಇದು ಲೆಕ್ಕ ತಿಳಿಯಲು ಹಿಡಿದ ದರ, ನಿಮ್ಮಲ್ಲಿ ಬೇರೆ ಇರಬಹುದು. ಪೂರ್ತಿ ಕಂತು 3,200 ರೂಪಾಯಿ ಆಗುತ್ತದೆ. ದಿನಕ್ಕೆ ಹಂಚಿದರೆ ಒಂಬತ್ತು ರೂಪಾಯಿಗಿಂತ ಕಡಿಮೆ. ಸುಮಾರು ಕಾಲು ಲೀಟರ್ ಹಾಲಿನ ದುಡ್ಡು. ಶೇ 15ರ ರೈತ ಪಾಲಿನ ಯೋಜನೆಯಲ್ಲಿ ಸೇರಿದರೆ ನಿಮ್ಮ ಕೈಯಿಂದ ಹೋಗುವುದು 480 ರೂಪಾಯಿ.

ಈಗ ಇನ್ನೊಂದು ಲೆಕ್ಕ. ಕಂತು ಉಳಿಸಲು ಕೆಲವರು 80,000ದ ಹಸುವನ್ನು 40,000 ಎಂದು ಬರೆಸುತ್ತಾರೆ. ಪೂರ್ತಿ ಕಂತು ಕಟ್ಟುವಲ್ಲಿ ಉಳಿತಾಯ 1,600. ಹಸು ಸತ್ತರೆ ಕಳೆದುಕೊಳ್ಳುವುದು 40,000. ಸಿಕ್ಕ ಹಣದಲ್ಲಿ ಅದೇ ಗುಣಮಟ್ಟದ ಹಸು ತರಲಾಗುವುದಿಲ್ಲ, ಸಾಲ ಮಾಡಬೇಕಾಗುತ್ತದೆ.

ಹೆಚ್ಚು ಬರೆಸಿದರೂ ಪ್ರಯೋಜನವಿಲ್ಲ. ಬಹುತೇಕ ಪಾಲಿಸಿಗಳಲ್ಲಿ ವಿಮಾ ಮೊತ್ತ ಅಥವಾ ಸಾಯುವ ಮುಂಚಿನ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತಾರೆ. ಆದ್ದರಿಂದ ಬೆಲೆ ನಿಗದಿ ಮಾಡುವ ದಿನ ರೈತರು, ಪಶುವೈದ್ಯರು, ವಿಮಾ ಪ್ರತಿನಿಧಿ ಮೂವರೂ ಹಸುವಿನ ಮುಂದೆ ನಿಂತು ಮಾತಾಡಬೇಕು. ತಳಿ, ಸೂಲು, ಈಗಿನ ಹಾಲು ನೋಡಿ ಬೆಲೆ ಕಟ್ಟಬೇಕು. ಆಗ ಸಂಘದ ಹಾಲಿನ ಪುಸ್ತಕ ನಿಮ್ಮ ಕೈಯಲ್ಲಿರಲಿ. "ಹದಿನಾಲ್ಕು ಲೀಟರ್ ಕೊಡುತ್ತೆ" ಎಂಬ ಬಾಯಿಮಾತಿಗಿಂತ ಆ ಪುಸ್ತಕದ ಅಂಕಿಗೆ ತೂಕ ಹೆಚ್ಚು.

ಒಂದು ವರ್ಷದ ಪಾಲಿಸಿಯೋ, ಮೂರು ವರ್ಷದ್ದೋ? ಮೂರು ವರ್ಷದ ಕಂತು ಸಾಮಾನ್ಯವಾಗಿ ಒಂದು ವರ್ಷದ ಕಂತಿನ ಮೂರರಷ್ಟು ಇರುವುದಿಲ್ಲ, ಕಡಿಮೆ ಇರುತ್ತದೆ. ನವೀಕರಣ ಮರೆತುಹೋಗುವ ಭಯವೂ ಇಲ್ಲ. ನಾನು ನೋಡಿದ ಮಟ್ಟಿಗೆ ವಿಮೆ ಇದ್ದೂ ಪರಿಹಾರ ಸಿಗದವರಲ್ಲಿ ಹಲವರು ಅವಧಿ ಮುಗಿದದ್ದನ್ನು ಗಮನಿಸದವರೇ. ಮೊದಲ, ಎರಡನೇ ಸೂಲಿನ ಹಸುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ಯೋಚನೆ ಇದ್ದರೆ ಮೂರು ವರ್ಷದ್ದು ಒಳ್ಳೆಯದು. ಮುಂದಿನ ವರ್ಷ ಮಾರುವ ಹಸುವಿಗೆ ಒಂದು ವರ್ಷದ್ದು ಸಾಕು.

ಎಲ್ಲಾ ರಾಸುಗಳಿಗೆ ಆಗದಿದ್ದರೆ ಯಾವುದಕ್ಕೆ?

ನಾಲ್ಕು ರಾಸು ಇವೆ, ಎರಡಕ್ಕೆ ಮಾತ್ರ ಕಂತು ಕಟ್ಟಲು ಸಾಧ್ಯ ಎಂದರೆ ಹೀಗೆ ಯೋಚಿಸಿ. ಯಾವ ಹಸು ಸತ್ತರೆ ಮನೆಯ ಬಟವಾಡೆ ಅರ್ಧಕ್ಕೆ ಇಳಿಯುತ್ತದೆಯೋ ಅದಕ್ಕೆ ಮೊದಲು. ಸಾಲ ಮಾಡಿ ತಂದ ಹಸುವಿಗೆ ಆಮೇಲೆ. ಹಸು ಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಬ್ಯಾಂಕ್ ಸಾಲದಲ್ಲಿ ತಂದಿದ್ದರೆ ಬ್ಯಾಂಕಿನವರೇ ವಿಮೆ ಮಾಡಿಸಿರಬಹುದು. ಮಾಡಿಸಿದ್ದಾರೆಯೇ, ಅವಧಿ ಎಂದಿಗೆ ಮುಗಿಯುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ವಯಸ್ಸಿನ ಮಿತಿಯೂ ಇದೆ. ಹಾಲು ಕರೆಯುವ ಹಸುಗಳಿಗೆ ಸಾಮಾನ್ಯವಾಗಿ 2ರಿಂದ 10 ವರ್ಷ, ಎಮ್ಮೆಗಳಿಗೆ 3ರಿಂದ 12 ವರ್ಷ. ಅದನ್ನು ಮೀರಿದ ರಾಸಿಗೆ ಹೆಚ್ಚಿನ ಕಂಪನಿಗಳು ವಿಮೆ ಕೊಡುವುದಿಲ್ಲ. ವಯಸ್ಸು ಕಡಿಮೆ ಬರೆಸಬೇಡಿ. ಹಲ್ಲು ನೋಡಿದರೆ, ಕೋಡಿನ ಉಂಗುರ ಎಣಿಸಿದರೆ ವಯಸ್ಸಿನ ಅಂದಾಜು ಸಿಗುತ್ತದೆ. ಸತ್ತ ಮೇಲೂ ಅವೇ ಹಲ್ಲು ಅಲ್ಲೇ ಇರುತ್ತವೆ.

ವಿಮೆ ಮಾಡಿಸುವ ಸಮಯವೂ ಮುಖ್ಯ. ಹೆಚ್ಚು ಹಾಲಿನ ಹಸುವಿಗೆ ಅಪಾಯದ ಕಾಲ ಕರು ಹಾಕುವ ಆಸುಪಾಸು. ಕರು ಅಡ್ಡ ಬರುವುದು, ಗರ್ಭಕೋಶ ಹೊರಬರುವುದು, ಹಾಲು ಜ್ವರ ಎಲ್ಲವೂ ಆಗಲೇ. ಕರು ಹಾಕಲು ಹತ್ತು ದಿನ ಇದೆ ಎನ್ನುವಾಗ ವಿಮೆಗೆ ಓಡಿದರೆ, 15 ದಿನದ ಕಾಯುವ ಅವಧಿ ಆ ಅಪಾಯದ ದಿನಗಳನ್ನೇ ನುಂಗಿಬಿಡುತ್ತದೆ. ಕನಿಷ್ಠ ಒಂದೆರಡು ತಿಂಗಳು ಮೊದಲೇ ಮುಗಿಸಿಕೊಳ್ಳಿ. ಮಲಗಿದ ಹಸುವಿಗೆ ವಿಮೆ ಮಾಡಿಸಲು ಸಾಧ್ಯವಿಲ್ಲ. ಅದಕ್ಕೆ ಬೇಕಾದ ಆರೋಗ್ಯ ಪ್ರಮಾಣಪತ್ರವನ್ನು ನಾವು ಕೊಡಲಾಗದು.

2013ರಲ್ಲಿ ಕಾಲುಬಾಯಿ ಜ್ವರ, 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ಕೊಟ್ಟಿಗೆಗಳಿಗೆ ಬಂದಾಗ ಆದದ್ದನ್ನು ನೀವೂ ನೋಡಿದ್ದೀರಿ. ರೋಗ ಪಕ್ಕದ ಊರಿಗೆ ಬಂದ ಮೇಲೆ ವಿಮೆ ಹುಡುಕಿದವರಿಗೆ ಅದು ಸಮಯಕ್ಕೆ ಒದಗುವುದಿಲ್ಲ.

ಪಾಲಿಸಿ ಕೈಗೆ ಬಂದ ದಿನ ನೋಡಬೇಕಾದ್ದು

ಕಾಗದವನ್ನು ಮಡಚಿ ಟ್ರಂಕಿನಲ್ಲಿ ಇಡುವ ಮುಂಚೆ ಹತ್ತು ನಿಮಿಷ ಕೊಡಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದ ಓದಿಸಿ.

• ಓಲೆಯ 12 ಅಂಕಿ. ಪಾಲಿಸಿಯಲ್ಲಿರುವ ಸಂಖ್ಯೆಯನ್ನು ಹಸುವಿನ ಕಿವಿಯಲ್ಲಿರುವ ಸಂಖ್ಯೆಯೊಂದಿಗೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಒಂದು ಅಂಕಿ ತಪ್ಪಿದ್ದರೂ ಕೂಡಲೇ ತಿದ್ದಿಸಿ. ಕ್ಲೇಮು ಬಂದ ಮೇಲೆ ತಿದ್ದಲು ಬರುವುದಿಲ್ಲ.
• ಮಾಲೀಕರ ಹೆಸರು. ಆಧಾರ್, ಬ್ಯಾಂಕ್ ಪುಸ್ತಕ, ಸಂಘದ ಸದಸ್ಯತ್ವ ಮೂರರಲ್ಲೂ ಒಂದೇ ರೀತಿ ಇದೆಯೇ? ಸದಸ್ಯತ್ವ ಹೆಂಡತಿಯ ಹೆಸರಲ್ಲಿ, ಪಾಲಿಸಿ ಗಂಡನ ಹೆಸರಲ್ಲಿ ಇದ್ದು ತಿಂಗಳುಗಟ್ಟಲೆ ಅಲೆದವರಿದ್ದಾರೆ.
• ರಾಸಿನ ವಿವರ. ಬಣ್ಣ, ಕೋಡು, ಬಾಲದ ತುದಿ, ಹಣೆಯ ಮಚ್ಚೆ ಸರಿಯಾಗಿ ಬರೆದಿದ್ದಾರೆಯೇ? "ಕಪ್ಪು ಬಿಳುಪು ಹಸು" ಎಂದಷ್ಟೇ ಬರೆದರೆ ಊರಿನ ಅರ್ಧ ಹಸುಗಳು ಅದೇ.
• ಪಾಲಿಸಿ ಶುರುವಾಗುವ ಮತ್ತು ಮುಗಿಯುವ ದಿನಾಂಕ. ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
• ಫೋಟೋ. ಓಲೆಯ ಸಂಖ್ಯೆ ಕಾಣುವಂತೆ ಮುಖದ್ದೊಂದು, ಎರಡು ಪಕ್ಕದಿಂದ ಪೂರ್ತಿ ಹಸುವಿನದು. ಅದರಲ್ಲಿ ಒಂದರಲ್ಲಾದರೂ ನೀವೂ ನಿಂತಿರಿ. ಮೊಬೈಲ್ ಹಾಳಾದೀತು, ಮನೆಯ ಇನ್ನೊಬ್ಬರಿಗೂ ಕಳುಹಿಸಿಡಿ.

ಲಸಿಕೆ ಹಾಕಿಸಿದಾಗಲೆಲ್ಲ ಅದು ಓಲೆಯ ಸಂಖ್ಯೆಗೆ ದಾಖಲಾಗಿದೆಯೇ ಎಂದು ಕೇಳಿ. ಈಗ ಲಸಿಕೆ, ಗರ್ಭಧಾರಣೆ, ಚಿಕಿತ್ಸೆ ಎಲ್ಲವನ್ನೂ ಆ 12 ಅಂಕಿಯ ಮೇಲೆ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ನಮೂದಿಸುತ್ತಾರೆ. ಕಾಲುಬಾಯಿ ಜ್ವರದ ಲಸಿಕೆಗೆ ಬಂದಾಗ "ಹಾಲು ಇಳಿಯುತ್ತೆ, ನಮ್ಮ ಹಸುವಿಗೆ ಬೇಡ" ಎಂದು ವಾಪಸ್ ಕಳುಹಿಸಿದವರು ವಿಮೆಯನ್ನೂ ಅರ್ಧ ವಾಪಸ್ ಕಳುಹಿಸಿದಂತೆಯೇ. ಎರಡು ಮೂರು ದಿನ ಹಾಲು ಸ್ವಲ್ಪ ಇಳಿದರೂ ಮತ್ತೆ ಏರುತ್ತದೆ.

ಹಸು ಮಾರಿದರೆ ಪಾಲಿಸಿ ತಾನಾಗಿ ಹೊಸ ಮಾಲೀಕರಿಗೆ ಹೋಗುವುದಿಲ್ಲ. ಕಂಪನಿಗೆ ತಿಳಿಸಿ ಹೆಸರು ಬದಲಿಸಬೇಕು. ಸಂತೆಯಲ್ಲಿ ಹಸು ಕೊಳ್ಳುವಾಗ "ಇನ್ಶೂರೆನ್ಸ್ ಇದೆ" ಎಂಬ ಮಾತಿಗೆ ಹೆಚ್ಚು ದುಡ್ಡು ಕೊಟ್ಟು ಮೋಸ ಹೋಗಬೇಡಿ.

ಹಸು ಸತ್ತರೆ ಆ ದಿನ ಏನು ಮಾಡಬೇಕು

ಮನೆಯಲ್ಲಿ ದುಃಖ ಇರುತ್ತದೆ, ಏನೂ ತೋಚುವುದಿಲ್ಲ. ಆದರೆ ಆ ದಿನವೇ ಮಾಡಬೇಕಾದ ಕೆಲಸಗಳಿವೆ.

1. ತಕ್ಷಣ ವಿಮಾ ಕಂಪನಿಗೆ, ಸಂಘದ ಕಾರ್ಯದರ್ಶಿಗೆ, ಪಶುವೈದ್ಯರಿಗೆ ತಿಳಿಸಿ. ಕಂಪನಿಗೆ ಫೋನ್ ಮಾಡಿದ ಸಮಯ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಳಗಿನ ಜಾವ ಸತ್ತದ್ದನ್ನು ಸಂಜೆ ತಿಳಿಸಬೇಡಿ. ಬೇಸಿಗೆಯಲ್ಲಿ ಶವ ಬೇಗ ಕೊಳೆಯುತ್ತದೆ, ಕೊಳೆತ ಶವದಲ್ಲಿ ಸಾವಿನ ಕಾರಣ ಹೇಳುವುದು ಕಷ್ಟ.
2. ಓಲೆಯನ್ನು ನೀವೇ ತೆಗೆಯಬೇಡಿ. ಓಲೆ ಕಿವಿಯಲ್ಲಿರುವಂತೆಯೇ ಫೋಟೋ ತೆಗೆಯಿರಿ. ಮರಣೋತ್ತರ ಪರೀಕ್ಷೆಯ ವೇಳೆ ವೈದ್ಯರು ಅದನ್ನು ತೆಗೆದು ಕೊಡುತ್ತಾರೆ. ಕ್ಲೇಮಿನ ಜೊತೆ ಅದನ್ನು ಒಪ್ಪಿಸಬೇಕು.
3. ವೈದ್ಯರು ಬರುವ ಮುಂಚೆ ಹೂಳಬೇಡಿ, ಚರ್ಮ ಸುಲಿಯಲು ಬಿಡಬೇಡಿ. ನೆರಳಿಗೆ ಎಳೆದು, ನಾಯಿಗಳು ಮುಟ್ಟದಂತೆ ಕಾಯಿರಿ.
4. ಹಠಾತ್ತಾಗಿ ಸತ್ತು, ಮೂಗು, ಗುದದ್ವಾರದಿಂದ ಕಪ್ಪಗಿನ ರಕ್ತ ಬರುತ್ತಿದ್ದರೆ ಯಾರೂ ಹತ್ತಿರ ಹೋಗಬೇಡಿ. ಅದು ನೆರಡಿ ಇರಬಹುದು, ಮನುಷ್ಯರಿಗೂ ಹರಡುತ್ತದೆ. ಅಂಥ ಶವವನ್ನು ನಾವು ಕೊಯ್ಯುವುದಿಲ್ಲ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುತ್ತೇವೆ. "ಕೊಯ್ಯದಿದ್ದರೆ ಕ್ಲೇಮು ಆಗಲ್ಲ" ಎಂದು ಒತ್ತಾಯಿಸಬೇಡಿ. ಏಕೆ ಕೊಯ್ಯಲಿಲ್ಲ ಎಂಬುದನ್ನು ವರದಿಯಲ್ಲೇ ಬರೆಯುತ್ತೇವೆ.
5. ಕ್ಲೇಮು ಅರ್ಜಿ, ಪಾಲಿಸಿ ಪ್ರತಿ, ಮರಣೋತ್ತರ ವರದಿ, ಚಿಕಿತ್ಸೆಯ ಚೀಟಿ, ಪಂಚನಾಮೆ, ಫೋಟೋ, ಓಲೆ, ಬ್ಯಾಂಕ್ ಪುಸ್ತಕದ ಪ್ರತಿ ಎಲ್ಲವನ್ನೂ ಒಟ್ಟಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಎಲ್ಲದರ ಒಂದೊಂದು ಪ್ರತಿ ಮನೆಯಲ್ಲಿರಲಿ.

ದಾಖಲೆಗಳೆಲ್ಲ ಸರಿ ಇದ್ದೂ ಹಣ ಬಾರದಿದ್ದರೆ ಸುಮ್ಮನಿರಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ದೂರು ಕೊಡಿ. ಅಲ್ಲಿ ಪರಿಹಾರವಾಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಗೆ 155255 ಸಂಖ್ಯೆಯಲ್ಲಿ ದೂರಬಹುದು. ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ, ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

"ಸ್ವಲ್ಪ ಸಹಾಯ ಮಾಡಿ ಡಾಕ್ಟ್ರೇ"

ಆ ದಿನ ಕೊಟ್ಟಿಗೆಯ ಮುಂದೆ ನಿಂತಿದ್ದಾಗ ಊರಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಓಲೆ ಕಿವಿಯಲ್ಲೇ ಇತ್ತು ಅಂತ ಒಂದು ಸಾಲು ಬರೆದುಬಿಡಿ. ಪಾಪ, ಅವಳೇನು ಸುಳ್ಳು ಹೇಳ್ತಿಲ್ಲವಲ್ಲ" ಎಂದರು. ಅವರ ಮಾತು ನಿಜವೇ. ಹಸು ಅದೇ, ಓಲೆಯೂ ಅದೇ, ಕಂತು ಕಟ್ಟಿದ್ದೂ ನಿಜ.

ನಾನು ಬರೆಯಲಿಲ್ಲ. ಕಿವಿ ಹರಿದಿದೆ, ಗಾಯ ಹಳೆಯದು, ಓಲೆ ಮನೆಯಲ್ಲಿತ್ತು ಎಂದು ಕಂಡದ್ದನ್ನು ಕಂಡಂತೆ ಬರೆದೆ. ಹಸುವಿನ ಬಣ್ಣ, ಮಚ್ಚೆ ಪಾಲಿಸಿಯ ವಿವರಕ್ಕೆ ಹೊಂದುತ್ತದೆ ಎಂದೂ ಬರೆದೆ. ಅದು ಸಾಕಾಗಲಿಲ್ಲ. ಕೆಲವು ದಿನ ಆ ಊರಿನಲ್ಲಿ ನನ್ನ ಜೊತೆ ಮಾತು ಕಡಿಮೆಯಾಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ.

ಏಕೆ ಬರೆಯಲಿಲ್ಲ ಎಂದು ಇಲ್ಲಿ ಹೇಳುತ್ತೇನೆ. ಇಂದು ನಿಜವಾದ ಹಸುವಿಗೆ ಒಂದು ಸುಳ್ಳು ಸಾಲು ಬರೆದರೆ, ನಾಳೆ ವಿಮೆ ಇಲ್ಲದ ಹಸು ಸತ್ತಾಗ ವಿಮೆ ಇರುವ ಹಸುವಿನ ಓಲೆ ತಂದು ಕೊಡುವವರಿಗೂ ಅದೇ ಸಾಲು ಬೇಕಾಗುತ್ತದೆ. ಅಂಥ ಕ್ಲೇಮು ಒಂದು ಸಿಕ್ಕಿಬಿದ್ದರೆ ಆ ಸಂಘದಿಂದ ಹೋಗುವ ಎಲ್ಲಾ ಕ್ಲೇಮುಗಳನ್ನೂ ಕಂಪನಿ ಅನುಮಾನದಿಂದ ನೋಡುತ್ತದೆ. ಗುಂಪು ವಿಮೆಯಲ್ಲಿ ಕ್ಲೇಮು ಹೆಚ್ಚಾದರೆ ಮುಂದಿನ ವರ್ಷದ ದರ ಏರುತ್ತದೆ, ಕೆಲವೊಮ್ಮೆ ಕಂಪನಿಯೇ ಬೇಡ ಎನ್ನುತ್ತದೆ. ಆಗ ಏರಿದ ಕಂತು ಕಟ್ಟುವವರು ಎರಡು ಹಸು ಕಟ್ಟಿಕೊಂಡ ಪ್ರಾಮಾಣಿಕ ಸದಸ್ಯರೇ. ಅಗ್ಗದ ವಿಮೆ ನಮಗೆ ಮುಂದೆಯೂ ಸಿಗಬೇಕಾದರೆ ನಮ್ಮ ಊರಿನ ಕ್ಲೇಮುಗಳು ನಂಬುವಂತಿರಬೇಕು.

ಈಗ ನಾನು ಯಾವ ಕೊಟ್ಟಿಗೆಗೆ ಹೋದರೂ, ಕರುವಿನ ಬೇಧಿಗೆ ಕರೆದಿದ್ದರೂ, ಕಟ್ಟಿರುವ ಎಲ್ಲಾ ರಾಸುಗಳ ಕಿವಿ ನೋಡುತ್ತೇನೆ. ಓಲೆ ಇಲ್ಲದಿದ್ದರೆ ಅಲ್ಲೇ ಹೇಳುತ್ತೇನೆ. ಆದರೆ ನಾನು ಬರುವುದು ತಿಂಗಳಿಗೊಮ್ಮೆ. ನೀವು ದಿನಕ್ಕೆರಡು ಸಲ ಹಸುವಿನ ಪಕ್ಕ ಕೂರುತ್ತೀರಿ.

ಸಂಘದಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆಗಳು

*ಓಲೆ ಬಿದ್ದುಹೋದರೆ ಏನು ಮಾಡಬೇಕು?*
ಅದೇ ದಿನ ಕಾರ್ಯದರ್ಶಿಗೂ ಪಶುವೈದ್ಯರಿಗೂ ತಿಳಿಸಿ. ಹೊಸ ಓಲೆ ಹಾಕಿಸಿ, ಹಳೆಯ ಮತ್ತು ಹೊಸ ಸಂಖ್ಯೆ ಎರಡನ್ನೂ ಬರೆದು ವಿಮಾ ಕಂಪನಿಗೆ ಪತ್ರ ಕೊಡಿ. ಪಾಲಿಸಿಯಲ್ಲಿ ಹೊಸ ಸಂಖ್ಯೆ ಸೇರಿದ ಪತ್ರ ಕೈಗೆ ಬರುವವರೆಗೆ ಬಿಡಬೇಡಿ.

*ಓಲೆ ಹಾಕಿದರೆ ಕಿವಿ ಕೀವಾಗುತ್ತದೆ, ಅದಕ್ಕೆ ಬೇಡ ಎನ್ನುತ್ತಾರಲ್ಲ?*
ಶುಚಿಯಾಗಿ ಹಾಕಿ, ಒಂದು ವಾರ ನೊಣ ಕೂರದಂತೆ ಮದ್ದು ಹಚ್ಚಿದರೆ ಸಾಕು. ಕೀವಾದರೆ ಓಲೆ ಕೀಳಬೇಡಿ, ನಮ್ಮನ್ನು ಕರೆಯಿರಿ.

*ಪಡ್ಡೆಗೂ ವಿಮೆ ಸಿಗುತ್ತದೆಯೇ?*
ಸಿಗುವುದುಂಟು, ಆದರೆ ವಯಸ್ಸು ಮತ್ತು ಬೆಲೆಯ ನಿಯಮ ಬೇರೆ. ನಿಮ್ಮ ಯೋಜನೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ.

*ಮೂರು ವರ್ಷ ಕಂತು ಕಟ್ಟಿದೆ, ಹಸುವಿಗೆ ಏನೂ ಆಗಲಿಲ್ಲ. ದುಡ್ಡು ವಾಪಸ್ ಬರುತ್ತದೆಯೇ?*
ಬರುವುದಿಲ್ಲ. ಹಸು ಚೆನ್ನಾಗಿದೆ, ಹಾಲು ಕೊಡುತ್ತಿದೆ. ಅದೇ ಲಾಭ ಎಂದುಕೊಳ್ಳಿ.

ಕೊನೆಯದಾಗಿ ಒಂದು ಕೆಲಸ. ಇಂದು ಸಂಜೆ ಹಾಲು ಕರೆಯಲು ಕೂರುವ ಮುಂಚೆ ಪ್ರತಿ ರಾಸಿನ ಕಿವಿ ನೋಡಿ. ಓಲೆ ಇದೆಯೇ, ಸಂಖ್ಯೆ ಓದಲು ಬರುತ್ತದೆಯೇ ಎಂದು ನೋಡಿ, ಪಾಲಿಸಿ ತೆಗೆದು ಅಂಕಿ ಹೋಲಿಸಿ. ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ ದೊಡ್ಡದಾಗಿ ಬರೆಯಿರಿ. ಏನಾದರೂ ಹೊಂದದಿದ್ದರೆ ನಾಳೆ ಬೆಳಿಗ್ಗೆ ಹಾಲು ಹಾಕಲು ಬಂದಾಗಲೇ ಕಾರ್ಯದರ್ಶಿಗೆ ಹೇಳಿ.

ಆ ಸದಸ್ಯೆ ಈಗ ಮತ್ತೊಂದು ಹಸು ತಂದಿದ್ದಾರೆ. ಸಾಲ ಮಾಡಿ ತಂದದ್ದು. ವಿಮೆ ಮಾಡಿಸಿದ ದಿನ ಓಲೆಯ ಸಂಖ್ಯೆಯನ್ನು ಅವರೇ ಒಂದೊಂದಾಗಿ ಓದಿ ಹೇಳಿದರು, ನಾನು ಬರೆದುಕೊಂಡೆ.

— ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ